ಪೀಪಲ್ ಪ್ಲೇಗ್ರೌಂಡ್: ಕೊಂದರೆ ಪಾಯಿಂಟ್ ಸಿಗುತ್ತಾ?

'ಪೀಪಲ್ ಪ್ಲೇಗ್ರೌಂಡ್ ಗೇಮ್‌ನಲ್ಲಿ ಜಾಸ್ತಿ ಕೊಂದಷ್ಟೂ ಜಾಸ್ತಿ ಪಾಯಿಂಟ್, ಆಡುವ ಹುಡುಗರು ಕೊಲೆಗಾರರಾಗುತ್ತಾರೆ' ಎಂಬ ಮಾತು ಓಡಾಡುತ್ತಿದೆ. ಮೊದಲನೆಯದು ಸುಳ್ಳು, ಎರಡನೆಯದಕ್ಕೆ ಆಧಾರವಿಲ್ಲ.

2019ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಂದ ಈ ಕಂಪ್ಯೂಟರ್ ಗೇಮ್‌ನಲ್ಲಿ ಪಾಯಿಂಟ್, ಲೆವೆಲ್, ಗೆಲುವು ಯಾವುದೂ ಇಲ್ಲ. ಖಾಲಿ ಜಾಗ, ಒಂದಷ್ಟು ಗೊಂಬೆಗಳು, ರಾಶಿ ಸಾಮಾನು, ಅಷ್ಟೇ. ಬಂದೂಕು, ಬಾಂಬುಗಳೂ ಇವೆ, ನಿಜ. ಆದರೆ ಗೊಂಬೆ ಬೀಳುವ ರೀತಿ ಮೊದಲೇ ಚಿತ್ರಿಸಿಟ್ಟದ್ದಲ್ಲ. ತೂಕ, ವೇಗ, ಪೆಟ್ಟು ಬಿದ್ದ ಜಾಗ ನೋಡಿ ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ವೈರ್ ಕಟ್ಟಿದರೆ ಕರೆಂಟ್ ಹರಿಯುತ್ತದೆ, ಮರಕ್ಕೆ ಬೆಂಕಿ ಹತ್ತುತ್ತದೆ. ಸತ್ತ ಗೊಂಬೆಗೆ ಲೈಫ್ ಸಿರಿಂಜ್ ಚುಚ್ಚಿ ಮತ್ತೆ ಎಬ್ಬಿಸಬಹುದು! 'ಹೀಗೆ ಮಾಡಿದ್ರೆ ಏನಾಗುತ್ತೆ?' ಅನ್ನೋ ಕುತೂಹಲವೇ ಇದರ ಸೆಳೆತ. ಎಷ್ಟೋ ಜನ ಸುಮ್ನೆ ಗಾಡಿ, ಯಂತ್ರ ಕಟ್ಟುತ್ತಾ ಕೂರುತ್ತಾರೆ.

ಇನ್ನು ಕೊಲೆಯ ಮಾತು. ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ 14–15 ವರ್ಷದ ಸುಮಾರು 1,000 ಮಕ್ಕಳ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟರು. ಹಿಂಸೆಯ ಗೇಮ್ ಆಡುವುದಕ್ಕೂ ಆಕ್ರಮಣಕಾರಿ ನಡವಳಿಕೆಗೂ ನಂಟು ಕಾಣಲಿಲ್ಲ. ಅದು ಈ ಒಂದು ಗೇಮ್ ಬಗ್ಗೆ ಮಾಡಿದ ಅಧ್ಯಯನವಲ್ಲ, ಅದೂ ಗೊತ್ತಿರಲಿ.

ಹಾಗಂತ ಪುಟ್ಟ ಮಕ್ಕಳ ಕೈಗೆ ಕೊಡಬೇಡಿ. ರಕ್ತ ಧಾರಾಳವಾಗಿಯೇ ಹರಿಯುತ್ತದೆ. ಹೆಸರು ನೋಡಿ ಗೊಂದಲ ಬೇಡ: ಮೊಬೈಲ್‌ನಲ್ಲಿ ಮೆಲನ್ ಪ್ಲೇಗ್ರೌಂಡ್ ಹೆಸರಲ್ಲಿ ಬಂದು, ಈಗ ಮೆಲನ್ ಸ್ಯಾಂಡ್‌ಬಾಕ್ಸ್ ಆಗಿರುವುದು ಬೇರೆಯವರು ಮಾಡಿದ ಬೇರೆಯದೇ ಗೇಮ್.