ಇನ್ನೈದು ನಿಮಿಷ ನೋಡೋಣ

ಸಮುದ್ರ ನೋಡೋಕೂ ಮೊದಲೇ ಬುಕ್ ಮಾಡಬೇಕು ಅಂದ್ರೆ ನಂಬ್ತೀರಾ? ಹವಾಯಿಯ ಕವಾಯಿ ದ್ವೀಪದಲ್ಲಿ ಹಾಯೆನಾ ಅಂತ ಒಂದು ಪಾರ್ಕ್ ಇದೆ. 2018ರ ಏಪ್ರಿಲ್ ಮಳೆಗೆ ಅಲ್ಲಿನ ರಸ್ತೆ ಕುಸಿದು, ಮರುವರ್ಷ ತೆರೆದಾಗಿನಿಂದ ದಿನಕ್ಕೆ 900 ಪ್ರವಾಸಿಗರಿಗಷ್ಟೇ ಜಾಗ. 30 ದಿನ ಮುಂಚೆ, ಅಲ್ಲಿಯ ಮಧ್ಯರಾತ್ರಿಗೆ ಬುಕಿಂಗ್ ಶುರು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಭಾವ ಬೆಳಗಿನ ಜಾವ ಮೂರಕ್ಕೆ ಅಲಾರಂ ಇಟ್ಟು ಎದ್ದರು. ತತ್ಕಾಲ್ ಟಿಕೆಟ್‌ನಲ್ಲಿ ಪಳಗಿದ ಬೆರಳು ಅವರದು. ಆದರೂ ಪಾರ್ಕಿಂಗ್ ಟಿಕೆಟ್ ಕಣ್ಣೆದುರೇ ಮುಗಿದುಹೋಯಿತು.

"ಹೋಗ್ಲಿ ಬಿಡು, ಅದೇ ದ್ವೀಪದ ಕಲಲಾವ್ ಕಣಿವೆ ನೋಡೋಕೆ ಬುಕಿಂಗ್ ಬೇಡ" ಅಂದರು ಭಾವ. ಬುಕಿಂಗ್ ಬೇಡ, ನಿಜ. ಮೋಡದ ಅನುಮತಿ ಬೇಕು ಅಂತ ಯಾರೂ ಹೇಳಿರಲಿಲ್ಲ.

ವೈಮಿಯಾ ಕಣಿವೆಯ ಕೆಂಪು ಮಣ್ಣು, ಜಲಪಾತ ಎಲ್ಲ ದಾಟಿ ಸುಮಾರು 4,000 ಅಡಿ ಮೇಲೆ ಹತ್ತಿದೆವು. ಕಟಕಟೆ ಹಿಡಿದು ಬಗ್ಗಿದರೆ ಕೆಳಗೆ ಹಸಿರು ಗೋಡೆಗಳಂಥ ಬೆಟ್ಟ, ಅದರಾಚೆ ನೀಲಿ ಸಮುದ್ರ ಕಾಣಬೇಕು. ನಮಗೆ ಕಂಡದ್ದು ಬರೀ ಬಿಳಿ. ಈ ದ್ವೀಪದ ನಡುವೆ ವೈಅಲೆಅಲೆ ಅನ್ನೋ ಬೆಟ್ಟ ಇದೆ. ವರ್ಷಕ್ಕೆ 9,000 ಮಿ.ಮೀ.ಗಿಂತ ಜಾಸ್ತಿ ಮಳೆ, ನಮ್ಮ ಆಗುಂಬೆಗೇ ಮೇಲು. ಸಮುದ್ರದಿಂದ ಬಂದ ಗಾಳಿ ಗುಡ್ಡ ಹತ್ತಿದಂತೆ ತಣ್ಣಗಾಗಿ ಮೋಡವಾಗುತ್ತೆ. ಅದರ ತಪ್ಪೇನಿಲ್ಲ.

"ಇನ್ನೈದು ನಿಮಿಷ ನೋಡೋಣ" ಅಂದರು ಭಾವ.

ಇದು ಅವರ ಹಳೇ ಚಾಳಿ. ಬಸ್ ಬರದಿದ್ದರೆ ಇನ್ನೈದು ನಿಮಿಷ, ಹೋಟೆಲ್ಲಿನಲ್ಲಿ ಟೇಬಲ್ ಸಿಗದಿದ್ದರೆ ಇನ್ನೈದು ನಿಮಿಷ. ತನ್ನ ಅರ್ಧ ಆಯಸ್ಸು ಈ ಐದು ನಿಮಿಷದಲ್ಲೇ ಕಳೆದುಹೋಯಿತು ಅಂತಾಳೆ ಅಕ್ಕ.

ಅಲ್ಲಿಂದ ಒಂದೂವರೆ ಕಿಲೋಮೀಟರ್ ಮುಂದೆ, ರಸ್ತೆ ಮುಗಿಯುವಲ್ಲಿ, ಅದೇ ಕಣಿವೆಗೆ ಇನ್ನೊಂದು ಕಟ್ಟೆ ಇದೆ. ಪುಉ ಓ ಕಿಲಾ ಅಂತ. ಇಲ್ಲಿ ಮೋಡ ಇದ್ದರೆ ಅಲ್ಲಿ ಇರೋಲ್ಲ ಅನ್ನೋದು ಭಾವನ ಸಿದ್ಧಾಂತ. ಹತ್ತಿ ಕಾರು! ಅಲ್ಲೂ ಬಿಳಿ. ಅಲ್ಲಿದ್ದವರು "ಕೆಳಗಡೆ ಈಗಷ್ಟೇ ತೆರೆದಿತ್ತಂತೆ" ಅಂದರು. ತಿರುಗಿಸಿ ಕಾರು! ಬಂದರೆ ಇಲ್ಲಿದ್ದವರು ಫೋನ್ ಜೇಬಿಗಿಳಿಸುತ್ತಾ ನಮ್ಮನ್ನು ಕನಿಕರದಿಂದ ನೋಡುತ್ತಿದ್ದರು. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಭಾವ ಬೇರೆ ದಾರಿಯುದ್ದಕ್ಕೂ ಗಾಳಿಯ ದಿಕ್ಕಿನ ಪಾಠ ಮಾಡುತ್ತಿದ್ದರು. ಅಕ್ಕನ ಮಗನಿಗೆ ವಾಂತಿ ಬರೋ ಹಾಗಾಯಿತು. ಪಾರ್ಕಿಂಗ್‌ನಲ್ಲಿದ್ದ ಹುಂಜಕ್ಕೂ ನಮ್ಮ ಕಾರಿನ ಗುರುತು ಸಿಕ್ಕಿತ್ತು.

ಹುಂಜಗಳ ಕಥೆಯೇ ಬೇರೆ. ಪಾಲಿನೇಷ್ಯದವರು ದೋಣಿಯಲ್ಲಿ ತಂದ ಕೋಳಿಗಳು ಮೊದಲೇ ಇದ್ದವು. 1992ರ ಇನಿಕಿ ಚಂಡಮಾರುತಕ್ಕೆ ಗೂಡು ಮುರಿದು ಮನೆ ಕೋಳಿಗಳೂ ಕಾಡು ಸೇರಿದವು ಅಂತ ಊರವರು ಹೇಳುತ್ತಾರೆ. ನಾವು ಪುಳಿಯೋಗರೆ ಡಬ್ಬಿ ತೆರೆದದ್ದೇ ತಡ, ಒಂದು ಬಂದು ಬಾನೆಟ್ ಮೇಲೆ ಕೂತಿತು. ಮೊಟ್ಟೆ ಕೂಡ ಮುಟ್ಟದ ಅಕ್ಕ "ಶೂ, ಶೂ" ಅಂತ ಸೆರಗಿಲ್ಲದ ಜಾಕೆಟ್ ಬೀಸಿದಳು. ಅದು ಕದಲದೆ ಶೇಂಗಾ ಮಾತ್ರ ಆರಿಸಿಕೊಂಡು ತಿಂದಿತು.

ಆಗಲೇ ಒಂದು ಜೋಡಿ ಕಾರಿನಿಂದಿಳಿದು ಕಟಕಟೆಗೆ ಹೋಯಿತು. ಸರಿಯಾಗಿ ಆಗಲೇ ಮೋಡ ಸರಿಯಿತು! ನಾವು ಡಬ್ಬಿ ಮುಚ್ಚಿ ಓಡುವಷ್ಟರಲ್ಲಿ ಪರದೆ ಮತ್ತೆ ಬಿತ್ತು. ಆ ಹುಡುಗ "ಬ್ಯೂಟಿಫುಲ್, ಅಲ್ವಾ?" ಅನ್ನೋ ಮುಖ ಮಾಡಿದ. ಭಾವ ಮಾತಿಗೆ ಕೂತರು. ಆ ಜೋಡಿಯ ಫೋನಿಂದ ನಮ್ಮ ಫೋನಿಗೆ ಫೋಟೋ ಬಂತು.

ಮಾರನೇ ದಿನ ಅದೇ ದ್ವೀಪದಲ್ಲಿರುವ ಇರೈವನ್ ಅನ್ನೋ ಶಿವನ ದೇವಸ್ಥಾನಕ್ಕೆ ಹೋದೆವು. 2023ರಲ್ಲಿ ಕುಂಭಾಭಿಷೇಕ ಆದ ಗುಡಿ. ಬೆಂಗಳೂರಿನ ಹತ್ತಿರ ಶಿಲ್ಪಿಗಳು ಉಳಿ ಸುತ್ತಿಗೆ ಹಿಡಿದು ಕೈಯಲ್ಲೇ ಕೆತ್ತಿದ ಕಲ್ಲುಗಳು ಹಡಗಿನಲ್ಲಿ ಇಲ್ಲಿಗೆ ಬಂದಿವೆ. ಅಕ್ಕ ಸುಮ್ನೆ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ ಅಂದಳು: "ಕಲ್ಲಿಗೆ ಬರೋಕೆ ಬಿಟ್ರು. ಅಮ್ಮನಿಗೆ ವೀಸಾ ಕೊಡಲಿಲ್ಲ ನೋಡೇ."

ಭಾವ ಕೂಡ ಆಗ ಐದು ನಿಮಿಷದ ಮಾತೆತ್ತಲಿಲ್ಲ.

ನಿನ್ನೆ ರಾತ್ರಿ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೋ ಬಂದಿದೆ. ಹಸಿರು ಕಣಿವೆ, ನೀಲಿ ಸಮುದ್ರ, ಕೆಳಗೆ ಭಾವನ ಹೆಸರು. "ಎಷ್ಟ್ ಚೆನ್ನಾಗಿ ತೆಗೆದಿದ್ದೀರಿ!" ಅಂತ ಚಿಕ್ಕಮ್ಮ ಬರೆದಿದ್ದಾರೆ. ಭಾವನ ಉತ್ತರ: "ತಾಳ್ಮೆ ಇರಬೇಕು, ಚಿಕ್ಕಮ್ಮ."