ಕ್ಯಾಪ್ಚರ್ ಕಾರ್ಡ್ ಕೊಳ್ಳುವ ಮುಂಚೆ ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ ನೋಡಿ

ಹಾಸನದಲ್ಲಿರುವ ನಮ್ಮಕ್ಕನ ಮಗ ಗೇಮ್ ಆಡುತ್ತಾ ಕನ್ನಡದಲ್ಲೇ ಕಾಮೆಂಟರಿ ಕೊಡುವ ಚಾನೆಲ್ ಶುರು ಮಾಡಬೇಕೆಂದು ಒಂದು ವರ್ಷದಿಂದ ದುಡ್ಡು ಕೂಡಿಡುತ್ತಿದ್ದ. ಹೋದ ತಿಂಗಳು ಅಂಗಡಿಯೊಂದಕ್ಕೆ ಹೋಗಿ ವಿಚಾರಿಸಿದ್ದಾನೆ. "ಕ್ಯಾಪ್ಚರ್ ಕಾರ್ಡ್ ಇಲ್ದೆ ಸ್ಟ್ರೀಮಿಂಗ್ ಆಗೋದೇ ಇಲ್ಲ" ಅಂದರಂತೆ. ಬೇರೊಂದು ಸಾಧನದ ಚಿತ್ರವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ತರುವ ಸಾಧನ ಅದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ ಅಂತಿತ್ತು, ತಂದುಬಿಟ್ಟ. ಕಂಪ್ಯೂಟರಿನಿಂದ ಎಚ್‌ಡಿಎಂಐ ಕೇಬಲ್ ಎಳೆದು ಕಾರ್ಡಿಗೆ ಕೊಟ್ಟು, ಆ ಕಾರ್ಡನ್ನು ಮತ್ತೆ ಅದೇ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿದ್ದಾನೆ. ಚಿತ್ರ ಮಂಕು, ಗೇಮ್ ಮೊದಲಿನಂತೆಯೇ ತಡವರಿಸುತ್ತಿದೆ. "ಮಾಮಾ, ನನ್ ಪಿಸಿ ಸಾಲಲ್ಲ ಅನ್ಸುತ್ತೆ, ಇನ್ನೊಂದು ತಗೋಬೇಕೇನೋ" ಅಂತ ಫೋನ್ ಮಾಡಿದಾಗ ಹೊಟ್ಟೆ ಉರಿದುಹೋಯಿತು.

ಅವನ ಪಿಸಿಯಲ್ಲಿ ಇದ್ದದ್ದು ಎನ್‌ವಿಡಿಯಾದ ಜಿಟಿಎಕ್ಸ್ 1660 ಸೂಪರ್. ಆ ಗ್ರಾಫಿಕ್ಸ್ ಕಾರ್ಡಿನೊಳಗೆ ವಿಡಿಯೋ ಎನ್‌ಕೋಡ್ ಮಾಡುವುದಕ್ಕೆಂದೇ, ಅಂದರೆ ಅದನ್ನು ಕುಗ್ಗಿಸಿ ಕಳಿಸುವ ರೂಪಕ್ಕೆ ತರುವುದಕ್ಕೆಂದೇ, ಪ್ರತ್ಯೇಕ ಭಾಗವೊಂದಿದೆ, ಎನ್‌ವಿಎನ್‌ಸಿ (NVENC) ಅಂತ ಅದರ ಹೆಸರು. ಗೇಮ್ ನಡೆಸುವ ಭಾಗ ಅದರ ಪಾಡಿಗೆ, ಇದು ಇದರ ಪಾಡಿಗೆ. ಅಂದರೆ ಅವನಿಗೆ ಬೇಕಾದದ್ದು ಮೊದಲ ದಿನದಿಂದಲೂ ಮನೆಯಲ್ಲೇ ಇತ್ತು.

ಸ್ಕ್ರೀನ್ ಶೇರ್ ಮಾಡಿಸಿ, ರೆಕಾರ್ಡಿಂಗ್ ಮತ್ತು ಸ್ಟ್ರೀಮಿಂಗ್ ಮಾಡುವ ತಂತ್ರಾಂಶವಾದ ಒಬಿಎಸ್‌ನಲ್ಲಿ ಸ್ಟ್ಯಾಟ್ಸ್ ಕಿಟಕಿ ತೆಗೆಸಿದೆ. ಒಬಿಎಸ್ ಪೂರ್ತಿ ಉಚಿತ, ಆದರೆ ಈ ಪುಟ್ಟ ಕಿಟಕಿಯನ್ನು ತೆಗೆದು ನೋಡುವವರು ಕಡಿಮೆ. ಫ್ರೇಮ್‌ಗಳು (ವಿಡಿಯೋದ ಒಂದೊಂದು ಚಿತ್ರ) ಎಲ್ಲಿ ಕಳೆದುಹೋಗುತ್ತಿವೆ ಅನ್ನುವುದನ್ನು ಅದು ಮೂರು ಬೇರೆ ಬೇರೆ ಲೆಕ್ಕದಲ್ಲಿ ತೋರಿಸುತ್ತದೆ: ರೆಂಡರಿಂಗ್‌ನಲ್ಲಿ (ಚಿತ್ರ ರಚಿಸುವಾಗ) ಹೋದದ್ದು, ಎನ್‌ಕೋಡಿಂಗ್‌ನಲ್ಲಿ ಹೋದದ್ದು, ನೆಟ್‌ವರ್ಕ್‌ನಲ್ಲಿ ಹೋದದ್ದು. ಅವನದು ಎನ್‌ಕೋಡಿಂಗ್ ಸಾಲಿನಲ್ಲಿ ಆಟೋ ಮೀಟರಿನ ಹಾಗೆ ಏರುತ್ತಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್ ನೋಡಿದರೆ ಎನ್‌ಕೋಡರ್ ಎಕ್ಸ್264 ಅಂತಿದೆ. ಇಡೀ ಭಾರ ಪ್ರೊಸೆಸರ್ ತಲೆ ಮೇಲೆ! ಎನ್‌ವಿಎನ್‌ಸಿಗೆ ಬದಲಾಯಿಸಿದ ಕೂಡಲೇ ಆ ಸಾಲು ನಿಂತಿತು. ಆಮೇಲೆ ರೆಂಡರಿಂಗ್ ಸಾಲು ಸ್ವಲ್ಪ ಸ್ವಲ್ಪ ಏರಿತು, ಯಾಕೆಂದರೆ ಗೇಮ್ ಗ್ರಾಫಿಕ್ಸ್ ಕಾರ್ಡನ್ನು ನೂರಕ್ಕೆ ನೂರು ಹೀರಿಕೊಂಡು ಒಬಿಎಸ್‌ಗೆ ಜಾಗವೇ ಬಿಟ್ಟಿರಲಿಲ್ಲ. ಗೇಮಿನ ಫ್ರೇಮ್ ದರವನ್ನು ಮಾನಿಟರ್ ತೋರಿಸಬಲ್ಲ ಸೆಕೆಂಡಿಗೆ 144ಕ್ಕೆ ಕಟ್ಟಿಹಾಕಿದೆವು. ಅದೂ ನಿಂತಿತು. ಒಂದು ರೂಪಾಯಿ ಖರ್ಚಿಲ್ಲ.

ಕ್ಯಾಪ್ಚರ್ ಕಾರ್ಡ್ ಬೇಡವೇ ಬೇಡ ಅಂತಲ್ಲ. ಪ್ಲೇಸ್ಟೇಷನ್, ನಿಂಟೆಂಡೋ ಸ್ವಿಚ್ ಆಡುವವರು ಚಿತ್ರವನ್ನು ಕಂಪ್ಯೂಟರಿಗೆ ತರಬೇಕಾದರೆ ಸಾಮಾನ್ಯವಾಗಿ ಬೇಕು. ಆಡುವುದಕ್ಕೊಂದು ಪಿಸಿ, ಸ್ಟ್ರೀಮ್ ಮಾಡುವುದಕ್ಕೊಂದು ಪಿಸಿ ಇಟ್ಟವರಿಗೂ ಬೇಕಾಗಬಹುದು. ಆಗಲೂ ಡಬ್ಬದ ಮೇಲಿನ 4ಕೆ ನಂಬಬೇಡಿ. ಅಗ್ಗದ ಎಷ್ಟೋ ಕಾರ್ಡುಗಳು 4ಕೆ ಒಳಗೆ ತೆಗೆದುಕೊಂಡು, ಹೊರಗೆ ಕೊಡುವುದು 1080ಪಿ, ಅದೂ ಸೆಕೆಂಡಿಗೆ 30 ಫ್ರೇಮ್.

ಹೊಸ ಪಿಸಿ ಕಟ್ಟಿಸುವವರು ಮಾತ್ರ ಹುಷಾರಾಗಿರಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಅನ್ನುವ ಇಂಟೆಲ್‌ನ ಎನ್‌ಕೋಡರ್ ಕೂಡ ಇಲ್ಲ. ಗ್ರಾಫಿಕ್ಸ್ ಕಾರ್ಡುಗಳಲ್ಲೂ ಎಎಂಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಥರದವು ಎನ್‌ಕೋಡರ್ ಇಲ್ಲದೇ ಬಂದಂಥವು. ಆಡುವುದಕ್ಕಷ್ಟೇ ಆದರೆ ತೊಂದರೆಯಿಲ್ಲ. ಇವೆರಡೂ ಒಂದೇ ಪಿಸಿಯಲ್ಲಿ ಸೇರಿದರೆ ರೆಕಾರ್ಡಿಂಗ್ ಕೆಲಸವೆಲ್ಲ ಮತ್ತೆ ಪ್ರೊಸೆಸರ್ ಮೇಲೇ ಬೀಳುತ್ತದೆ. ಮಾಡೆಲ್ ನಂಬರ್ ಬರೆದುಕೊಂಡು ಬಂದು, ಎನ್‌ಕೋಡರ್ ಇದೆಯಾ ಅಂತ ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ.

ಉಳಿದ ದುಡ್ಡು ಮೈಕಿಗೆ ಹೋಗಲಿ. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ. ಚಿತ್ರ ಕೊಂಚ ಕಡಿಮೆ ಸ್ಪಷ್ಟತೆಯ 720ಪಿ ಆದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕನ್ನಡದಲ್ಲಿ ಮಾತಾಡುತ್ತೇನೆ ಅಂತ ಹೊರಟವನ ಕನ್ನಡವೇ ಕೇಳಿಸದಿದ್ದರೆ ಹೇಗೆ? ಎಲ್ಲರೂ ಕೊಳ್ಳುವ ಕಂಡೆನ್ಸರ್ ಮೈಕನ್ನು ಗೇಣು ದೂರದಲ್ಲಿಟ್ಟರೆ ಫ್ಯಾನಿನ ಗಾಳಿ, ಅಡುಗೆಮನೆಯ ಮಿಕ್ಸಿ, ಕುಕ್ಕರ್ ಸೀಟಿ ಎಲ್ಲವೂ ಬರುತ್ತವೆ. ನಮ್ಮಂಥ ಮನೆಗಳಿಗೆ ಡೈನಮಿಕ್ ಮೈಕೇ ಸರಿ, ಬಾಯಿಂದ ನಾಲ್ಕು ಬೆರಳು ದೂರಕ್ಕೆ. ಅಳಿಯನಿಗೆ ಅದನ್ನೇ ಕೊಡಿಸಿದೆ, ಜೊತೆಗೊಂದು ಸ್ಟ್ಯಾಂಡು.

ಇಂಟರ್ನೆಟ್ ಕೊಳ್ಳುವಾಗ ಅಪ್‌ಲೋಡ್ ವೇಗ ಕೇಳಿ. ಸೆಕೆಂಡಿಗೆ 6000 ಕಿಲೋಬಿಟ್, ಅಂದರೆ 6 ಎಂಬಿಪಿಎಸ್, ಕಳಿಸಬೇಕಾದರೆ 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ನೆಮ್ಮದಿ. ಅದೇ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 2.7 ಜಿಬಿ, ಎಡಿಟಿಂಗ್‌ಗೆಂದು 50 ಎಂಬಿಪಿಎಸ್‌ನಲ್ಲಿ ಇಟ್ಟರೆ 22 ಜಿಬಿ ದಾಟುತ್ತದೆ.

ಮತ್ತೆ ಕರೆಂಟು. ಮಳೆಗಾಲದ ಒಂದು ಸಂಜೆ ಎರಡು ಗಂಟೆ ಆಡಿದ್ದನ್ನು ರೆಕಾರ್ಡ್ ಮಾಡುತ್ತಿದ್ದಾಗ ಕರೆಂಟು ಹೋಯಿತು. ಸಾದಾ ಎಂಪಿ4ನಲ್ಲಿ ಉಳಿಸುತ್ತಿದ್ದ ಕಡತ ತೆರೆಯಲೇ ಇಲ್ಲ, ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಎಂಕೆವಿ ಅನ್ನುವ ಇನ್ನೊಂದು ಬಗೆಯ ಕಡತದಲ್ಲಿ ಉಳಿಸಿದ್ದರೆ ಕರೆಂಟು ಹೋಗುವ ತನಕದ್ದು ಸಿಗುತ್ತಿತ್ತು, ಬೇಕಾದಾಗ ಒಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದಿತ್ತು. ಈಗ ಹಾಗೇ ಮಾಡುತ್ತಿದ್ದಾನೆ. ಪಿಸಿಗೂ ರೂಟರಿಗೂ ಸೇರಿ ಒಂದು ಯುಪಿಎಸ್ ಮುಂದಿನ ತಿಂಗಳಿಗೆ.

ಆ ಕ್ಯಾಪ್ಚರ್ ಕಾರ್ಡನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹಾಸನದ ಕಡೆ ಯಾರಾದರೂ ಕನ್ಸೋಲ್ ಇಟ್ಟುಕೊಂಡು ಸ್ಟ್ರೀಮಿಂಗ್ ಕಲಿಯುತ್ತಿದ್ದರೆ ಕಾಮೆಂಟ್ ಹಾಕಿ, ಸುಮ್ಮನೇ ಕೊಡುತ್ತೇವೆ.