ಲೈನ್ ಬಂತಾ?

ನಮ್ಮ ಕಡೆ ಮಳೆಗಾಲದಲ್ಲಿ ಫೋನ್ ಮಾಡಿದವರು ಊಟ ಆಯ್ತಾ ಅಂತ ಕೇಳುವುದಿಲ್ಲ, 'ಲೈನ್ ಬಂತಾ?' ಅಂತಾರೆ. ಸಾಗರ ತಾಲ್ಲೂಕಿನ ಒಳಗಿನ ಊರು. ನಾಲ್ಕು ಹನಿ ಬಿದ್ದರೆ ಎಲ್ಲೋ ಒಂದು ಮರದ ಹೆರೆ ತಂತಿಗೆ ಒರಗಿ ಲೈನ್ ಹೋಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿನಲ್ಲಿ ಶರಾವತಿಯ ಹತ್ತು ಯಂತ್ರಗಳು ಸೇರಿ 1035 ಮೆಗಾವಾಟ್ ತೆಗೆಯಬಲ್ಲವು. ಅದೆಲ್ಲ ದೊಡ್ಡ ಟವರ್ ಲೈನಿನಲ್ಲಿ ನಮ್ಮ ತಲೆ ಮೇಲೇ ಗುಂಯ್‌ಗುಡುತ್ತಾ ದಾಟಿ ಹೋಗುವಾಗ ನಾವು ಕೆಳಗೆ ಬೆಂಕಿಪೊಟ್ಟಣ ತಡಕುತ್ತಿರುತ್ತೇವೆ.

ಲೈನ್‌ಮನ್ ಕಂಬ ಹತ್ತುವ ಮೊದಲು 'ಎಲ್‌ಸಿ' ತಗೋತಾನೆ. ಲೈನ್ ಕ್ಲಿಯರ್ ಅಂತ. ಅಂದರೆ ಕರೆಂಟು ಬಂದ್. ತಾಳಗುಪ್ಪದ ರೈಲಿಗೆ ಲೈನ್ ಕ್ಲಿಯರ್ ಸಿಕ್ಕಿತು ಅಂದರೆ ಗಾಡಿ ಹೊರಡಬಹುದು ಅಂತ. ಒಂದೇ ಮಾತು, ಒಂದು ಕಡೆ ನಿಲ್ಲು, ಇನ್ನೊಂದು ಕಡೆ ಹೊರಡು! ಹೆಣ್ಣಿನ ಕಡೆಯಿಂದ 'ಲೈನ್ ಕ್ಲಿಯರ್' ಅಂತ ದಲ್ಲಾಳಿ ಹೇಳಿಕಳಿಸಿದಾಗ ಯಾವ ಇಲಾಖೆಯ ಅರ್ಥ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಕೊಪ್ಪದ ಕಡೆ ಕಾಫಿ ತೋಟದಲ್ಲಿ ಲೈನ್ ಅಂದರೆ ಕೆಲಸದವರ ಸಾಲುಮನೆ. ಬೆಂಗಳೂರಿನ ನನ್ನ ಅಳಿಯ ಒಮ್ಮೆ ಅಲ್ಲಿಗೆ ಫೋನ್ ಮಾಡಿ, ತೋಟದ ಲೆಕ್ಕ ಬರೆಯುವವರು ಬೇಕಾಗಿ 'ರೈಟರ್ ಇದಾರಾ?' ಅಂತ ಕೇಳಿದ. 'ಲೈನಲ್ಲಿದಾರೆ' ಅಂದರು. ಇವನು ಹತ್ತು ನಿಮಿಷ ಹಲೋ ಹಲೋ ಅಂದನಂತೆ. ರೈಟರು ಪಾಪ, ಯಾರದೋ ಮನೆಯ ಸೋರುವ ಹೆಂಚು ನೋಡುತ್ತಿದ್ದರು.

ಈ ಪದದ ಬೇರು ಲ್ಯಾಟಿನ್ನಿನ ಲಿನಮ್. ಅಂದರೆ ಅಗಸೆ. ಅಗಸೆ ನಾರಿನ ದಾರವೇ ಮೊದಲ ಲೈನು. ಬಯಲುಸೀಮೆಯವರು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುವುದು ಅದೇ ಗಿಡದ ಬೀಜವನ್ನು. ಇದೆಲ್ಲ ಗೊತ್ತಿದ್ದೂ ಮೊನ್ನೆ ನನ್ನ ಮರ್ಯಾದೆ ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಕಿಟಕಿಯ ಎಡಮೂಲೆಯಲ್ಲಿ ಮಾತ್ರ. ಫೋನ್ ಅಲ್ಲೇ ಇಟ್ಟು, ಸ್ಪೀಕರ್ ಹಾಕಿ ಕೂಗಿ ಮಾತಾಡಬೇಕು. ಗುಟ್ಟು ಅನ್ನುವುದು ನಮ್ಮ ಮನೆಗೆ ನಿಲುಕದ ಸೌಕರ್ಯ. ಮೇ ತಿಂಗಳು, ಹೊಸ ಅಡಿಕೆ ಸಸಿಗೆ ಗುಂಡಿ ತೆಗೆಸಬೇಕು. ಅದಕ್ಕೆ ಮೊದಲು ಹಗ್ಗ ಹಿಡಿದು ಒಂಬತ್ತು ಅಡಿಗೊಂದು ಗೂಟ ಹೊಡೆಯುತ್ತಾ ಸಾಲು ಗುರುತಿಸಬೇಕು. ಮೇಸ್ತ್ರಿಯ ಫೋನ್ ಬಂತು. ಜಗಲಿಯಲ್ಲಿ ಹಿಂದಿನ ದಿನವಷ್ಟೇ ಬಂದಿದ್ದ ನನ್ನ ಅತ್ತೆ ಕವಳ ಹಾಕುತ್ತಾ ಕೂತಿದ್ದರು.

'ಗೌಡ್ರೇ, ನಾಳೆ ಲೈನ್ ಹೊಡೆಯಕ್ಕೆ ಹೋಗನ. ಬೆಳಿಗ್ಗೆ ಬೇಗ ಬರ್ತೀನಿ, ಬಿಸ್ಲು ಏರಿದ್ರೆ ಆಗಲ್ಲ.'

ಅತ್ತೆಯ ಎಲೆಗೆ ಸುಣ್ಣ ಸವರುವ ಬೆರಳು ನಿಂತಿತು.

'ಹೋದ ವರ್ಷ ನೀವೊಬ್ರೇ ಹೊಡೆಯಕ್ಕೆ ಹೋಗಿ ಎಲ್ಲಾ ಸೊಟ್ಟ ಆಯ್ತಲ್ಲ. ಈ ಸಲ ನಾನೂ ಇರ್ತೀನಿ, ಹೆದರ್ಬೇಡಿ. ಮೂರು ಜನ ಹೆಂಗಸ್ರಿಗೂ ಹೇಳಿದೀನಿ.'

ಹೆಂಗಸರು ಗುಂಡಿಯ ಮಣ್ಣು ಎತ್ತುವುದಕ್ಕೆ. ಅದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅತ್ತೆ ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ಪಿಸುಮಾತು ಕೇಳಿಸಿತು: 'ಹೋದ ವರ್ಷವೂ ಹೊಡೆದಿದ್ರಂತಲ್ಲೇ!' ನನ್ನ ಹೆಂಡತಿಗೆ ವಿಷಯ ಗೊತ್ತು. ಆದರೂ ನಿಟ್ಟುಸಿರು ಬಿಟ್ಟು 'ಏನ್ ಮಾಡೋದಮ್ಮ, ತೋಟ ಅಂದ್ಮೇಲೆ ಇದ್ದಿದ್ದೇ' ಅಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದ ಸೇಡು ಅದು.

ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಹಪ್ಪಳ ಬೀಳಲಿಲ್ಲ.

ಬೆಳಿಗ್ಗೆ ಅತ್ತೆ ನಮ್ಮ ಹಿಂದೆಯೇ ತೋಟಕ್ಕೆ ಬಂದರು. ಹಗ್ಗ ನೋಡಿದರು, ಗೂಟದ ರಾಶಿ ನೋಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ದರೆ ಮೇಲೆ ಕೂತು ಮೇಲ್ವಿಚಾರಣೆಗೇ ಇಳಿದರು. ಮೂರನೇ ಸಾಲು ಬರುವಷ್ಟರಲ್ಲಿ ನಾನು ಹಿಡಿದ ಹಗ್ಗ ಸಡಿಲವಾಗಿತ್ತು. ಅತ್ತೆ ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದರು:

'ಅಳಿಯಂದ್ರೇ, ಸರಿಯಾಗಿ ಲೈನ್ ಹೊಡೀರಿ! ನಾನಿದೀನಿ!'

ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬೈಕ್ ಗಕ್ಕನೆ ನಿಂತಿತು.